ಸಿಸಿ ಲಿಮಿಟ್‌ನಿಂದ ತೆಗೆದು ಕ್ರೆಡಿಟ್ ಕಾರ್ಡ್ ಬಾಕಿ ತೀರಿಸಬಹುದಾ?

ಪಂಪ್‌ಸೆಟ್_ತಿಪಟೂರು

ಎಲ್ಲರಿಗೂ ನಮಸ್ಕಾರ. ತಿಪಟೂರು ಹತ್ತಿರ ನನ್ನದೊಂದು ಅಂಗಡಿ ಇದೆ. ಮೋಟಾರು, ಪಿವಿಸಿ ಪೈಪು, ಕೇಬಲ್ಲು, ಸ್ಟಾರ್ಟರು, ಡ್ರಿಪ್ ಸಾಮಾನು ಮಾರುತ್ತೇನೆ. ಬ್ಯಾಂಕಿನಲ್ಲಿ 10 ಲಕ್ಷದ ಸಿಸಿ (ಕ್ಯಾಶ್ ಕ್ರೆಡಿಟ್, ವ್ಯಾಪಾರಕ್ಕೆ ಬೇಕಾದಾಗ ತೆಗೆದು ತುಂಬುವ ಸಾಲ) ಲಿಮಿಟ್ ಇದೆ, ಬಡ್ಡಿ ಈಗ ಶೇ 11. ಜೊತೆಗೆ ಬೇರೆ ಬ್ಯಾಂಕಿನದೊಂದು ಕ್ರೆಡಿಟ್ ಕಾರ್ಡ್ ಇದೆ. ಎರಡೂ ಈಗ ಒಟ್ಟಿಗೇ ತಲೆ ತಿನ್ನುತ್ತಿವೆ.

ಮೊದಲು ಕಾರ್ಡಿನ ಕತೆ. ಹೋದ ವರ್ಷ ಮಗಳ ಕಾಲೇಜು ಫೀಸು, ಹಾಸ್ಟೆಲ್ಲು, ಲ್ಯಾಪ್‌ಟಾಪು ಎಲ್ಲ ಒಂದೇ ಸಲ ಬಂತು, ಕಾರ್ಡ್ ಉಜ್ಜಿದೆ. 8 ತಿಂಗಳ ಹಿಂದೆ ಬಾಕಿ 89,000 ಇತ್ತು. ಆವತ್ತೇ ಕಾರ್ಡನ್ನು ಬೀರುವಿನಲ್ಲಿಟ್ಟೆ, ಆಮೇಲೆ ಒಂದು ರೂಪಾಯಿ ಖರ್ಚು ಮಾಡಿಲ್ಲ. ಬಿಲ್‌ನಲ್ಲಿ ಬರೆದಿರುವ ಮಿನಿಮಮ್ ಡ್ಯೂ, ಅಂದರೆ 4,200ರಿಂದ 4,400 ರೂಪಾಯಿ, ಒಂದು ತಿಂಗಳೂ ತಪ್ಪದೆ ಕಟ್ಟಿದ್ದೇನೆ. ಒಟ್ಟು 34,000ಕ್ಕಿಂತ ಜಾಸ್ತಿ ಹೋಗಿದೆ. ಮೊನ್ನೆ ಬಿಲ್ ನೋಡಿದರೆ ಬಾಕಿ ಇನ್ನೂ 84,000 ತೋರಿಸುತ್ತಿದೆ! ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ "ಸರ್ ನಿಮ್ಮ ಪೇಮೆಂಟ್ ರೆಕಾರ್ಡ್ ತುಂಬಾ ಚೆನ್ನಾಗಿದೆ" ಎಂದು ಹೊಗಳಿ ಇಟ್ಟರು.

ಇನ್ನು ಸಿಸಿ. ಹೋದ ವಾರ ಮ್ಯಾನೇಜರ್ ಕರೆದು "ನಿಮ್ಮ ಡಿಪಿ 7.05 ಲಕ್ಷ, ನೀವು ತೆಗೆದಿರೋದು 7.60 ಲಕ್ಷ, ಮೇಲಿನ 55,000 ತಕ್ಷಣ ತುಂಬಿ" ಎಂದರು. ಅಕೌಂಟಿನಲ್ಲಿ ವಹಿವಾಟೂ ಸಾಲದಂತೆ, ರಿನ್ಯೂವಲ್ ಕಷ್ಟ ಆಗಬಹುದಂತೆ. 10 ಲಕ್ಷ ಸ್ಯಾಂಕ್ಷನ್ ಮಾಡಿದ ಮೇಲೆ 10 ಲಕ್ಷ ನನ್ನದಲ್ವಾ? ನಡುವೆ ಈ 7.05 ಎಲ್ಲಿಂದ ಬಂತು?

ನಮ್ಮ ಬಾಮೈದ ಹೇಳುತ್ತಾನೆ, ಸಿಸಿಗೆ ಶೇ 11 ಬಡ್ಡಿ, ಕಾರ್ಡಿಗೆ ಶೇ 40ರ ಮೇಲೆ, ಎರಡೂ ರಿವಾಲ್ವಿಂಗ್, ಅಂದರೆ ತಿರುಗುವ ಸಾಲವೇ, ಆದ್ದರಿಂದ ಸಿಸಿಯಿಂದ 84,000 ಎತ್ತಿ ಕಾರ್ಡ್ ಮುಗಿಸಿಬಿಡು ಅಂತ. ಲೆಕ್ಕ ಸರಿಯಾಗೇ ಕಾಣುತ್ತೆ. ಆದರೂ ಯಾಕೋ ಅಳುಕು. ಗೊತ್ತಿರುವವರು ಹೇಳಿ.

---

ರಿಟೈರ್ಡ್_ಮ್ಯಾನೇಜರ್_ಹಾಸನ

ನಿಮ್ಮ ಬಾಮೈದನ ಲೆಕ್ಕದಲ್ಲಿ ಬಡ್ಡಿ ಸರಿ ಇದೆ, ಸಾಲ ತಪ್ಪಿದೆ. 31 ವರ್ಷ ಬ್ಯಾಂಕಿನಲ್ಲಿದ್ದೆ, ಅದರಲ್ಲಿ ಅರ್ಧ ಇಂಥ ಅಂಗಡಿಗಳ ಸಿಸಿ ನೋಡಿಕೊಂಡೇ ಕಳೆದೆ, ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಟ್ರ್ಯಾಕ್ಟರ್ ಸಾಲ, ಮನೆ ಸಾಲ ಇವೆಲ್ಲ ಒಂದು ಸಲ ಕೊಟ್ಟು ಮುಗಿಯುತ್ತೆ. ಕಂತು ಕಟ್ಟಿದರೆ ಆ ದುಡ್ಡು ಮತ್ತೆ ನಿಮಗೆ ಸಿಗೋದಿಲ್ಲ. ತಿರುಗುವ ಸಾಲ ಹಾಗಲ್ಲ. ತೆಗೀತೀರಿ, ತುಂಬುತ್ತೀರಿ, ತುಂಬಿದ್ದನ್ನು ಮತ್ತೆ ತೆಗೀತೀರಿ. ಎಷ್ಟು ತೆಗೆದಿರುತ್ತೀರೋ ಅಷ್ಟಕ್ಕೆ, ಎಷ್ಟು ದಿನ ಇಟ್ಟುಕೊಂಡಿರುತ್ತೀರೋ ಅಷ್ಟು ದಿನಕ್ಕೆ ಬಡ್ಡಿ. ಸಿಸಿ, ಓಡಿ (ಓವರ್‌ಡ್ರಾಫ್ಟ್), ಕ್ರೆಡಿಟ್ ಕಾರ್ಡ್, ರೈತರ ಕಿಸಾನ್ ಕಾರ್ಡ್ ಎಲ್ಲ ಇದೇ ಜಾತಿ. ಅಲ್ಲಿಯವರೆಗೆ ಬಾಮೈದ ಹೇಳಿದ್ದು ಸರಿ.

ವ್ಯತ್ಯಾಸ ಇರೋದು ವಾಪಸ್ ಬರುವ ದಾರಿಯಲ್ಲಿ. ನೀವು ಸಿಸಿಯಿಂದ 18,000 ತೆಗೆದು ಒಂದು ಮೋಟಾರು ತರಿಸಿದಿರಿ ಅಂದುಕೊಳ್ಳಿ. ಅದನ್ನು 21,000ಕ್ಕೆ ಮಾರಿದಿರಿ. ಸಾಲದ ದುಡ್ಡು ಆ ಮೋಟಾರಿನ ಒಳಗಿಂದಲೇ ಲಾಭದ ಜೊತೆ ಎದ್ದು ಬಂತು. ಲ್ಯಾಪ್‌ಟಾಪ್ ಹಾಗೆ ಎದ್ದು ಬರೋದಿಲ್ಲ. ಮಗಳು ಓದಿ ಮುಂದೆ ಬರುತ್ತಾಳೆ, ಅದು ಬೇರೆ ವಿಷಯ, ಆದರೆ 90 ದಿನದಲ್ಲಿ ಅದು ಅಂಗಡಿ ಗಲ್ಲಾಪೆಟ್ಟಿಗೆಗೆ ಬರುವ ದುಡ್ಡಲ್ಲ. ಸಿಸಿಯಿಂದ 84,000 ಎತ್ತಿ ಅಲ್ಲಿಗೆ ಹಾಕಿದರೆ ಆ 84,000 ನಿಮ್ಮ ಲಿಮಿಟ್ಟಿನ ತಳದಲ್ಲಿ ಕೂತುಬಿಡುತ್ತೆ. ಸೈಟು, ಕಾರು, ಮದುವೆಗೆ ಸಿಸಿ ದುಡ್ಡು ಎತ್ತಿದ ಅಂಗಡಿಗಳನ್ನು ಎಷ್ಟೋ ನೋಡಿದ್ದೇನೆ. ಲಿಮಿಟ್ ಫುಲ್, ರ‍್ಯಾಕ್ ಖಾಲಿ.

ಈಗ ಡಿಪಿ, ಅಂದರೆ ಡ್ರಾಯಿಂಗ್ ಪವರ್. 10 ಲಕ್ಷ ಅನ್ನೋದು ಗೋಡೆ, ಅದಕ್ಕಿಂತ ಮೇಲೆ ಹೋಗುವಂತಿಲ್ಲ ಅಂತ. ಅದರೊಳಗೆ ಇವತ್ತು ಎಷ್ಟು ತೆಗೀಬಹುದು ಅನ್ನೋದನ್ನು ನೀವೇ ಕೊಡುವ ಸ್ಟಾಕ್ ಸ್ಟೇಟ್‌ಮೆಂಟ್ ಹೇಳುತ್ತೆ. ಅದರಲ್ಲಿ ಏನು ಬರೆದಿದ್ದೀರಿ ಇಲ್ಲಿ ಹಾಕಿ, 7.05 ಎಲ್ಲಿಂದ ಬಂತು ಅಂತ ತೋರಿಸುತ್ತೇನೆ.

ಇನ್ನೊಂದು ಪ್ರಶ್ನೆ. ನಿಮ್ಮ ಕೌಂಟರ್ ಮೇಲೆ ಇರುವ ಕ್ಯೂಆರ್ ಕೋಡ್ ಯಾವ ಅಕೌಂಟಿನದು?

---

ಜಯನಗರ_ಬಸ್‌ಸ್ಟಾಪ್

ಸಿಸಿ ಗಿಸಿ ನನಗೆ ಗೊತ್ತಿಲ್ಲ, ಕಾರ್ಡ್ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕಂದರೆ ನಾನೂ ಸುಟ್ಟುಕೊಂಡವಳೇ.

ನಿಮ್ಮ ಬಿಲ್‌ನಲ್ಲಿ ತಿಂಗಳ ಬಡ್ಡಿ ಶೇ 3.6ರ ಹತ್ತಿರ ಇರಬೇಕು, ನೋಡಿ. 84,000ಕ್ಕೆ ಅದು 3,024 ರೂಪಾಯಿ. ಅದರ ಮೇಲೆ ಶೇ 18 ಜಿಎಸ್‌ಟಿ, 544. ಒಟ್ಟು 3,568. ನೀವು ಕಟ್ಟೋದು 4,200. ಅಸಲಿಗೆ ಹೋಗೋದು 632 ರೂಪಾಯಿ ಅಷ್ಟೇ! ಮುಂದಿನ ತಿಂಗಳು ಬಾಕಿ ಚೂರು ಕಮ್ಮಿ ಆದಾಗ ಮಿನಿಮಮ್ಮೂ ಚೂರು ಕಮ್ಮಿ ಆಗುತ್ತೆ, ಅದೇ ಇದರ ಮಜಾ. ಹೀಗೇ ಮಿನಿಮಮ್ ಕಟ್ಟುತ್ತಾ ಹೋದರೆ 84,000 ಅನ್ನೋದು 42,000 ಆಗೋಕೆ ಏಳೂವರೆ ವರ್ಷ ಬೇಕು. ನಾನು ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ. ಮಗಳ ಕಾಲೇಜು ಮುಗಿದು ಕೆಲಸಕ್ಕೆ ಸೇರಿ ಅವಳ ಮೊದಲ ಕಾರ್ಡೂ ಬಂದಿರುತ್ತೆ.

ನನ್ನ ಕತೆ 2019ರದ್ದು. ಜೂನ್ 8ಕ್ಕೆ ವಾಷಿಂಗ್ ಮಷಿನ್ನು, ಮಂಚ ಎಲ್ಲ ಸೇರಿ ಸರಿಯಾಗಿ 50,000 ಉಜ್ಜಿದೆ. ಬಿಲ್ ಜುಲೈ 5ಕ್ಕೆ, ಕೊನೇ ದಿನ ಜುಲೈ 25. ಆ ದಿನ 48,000 ಕಟ್ಟಿದೆ. ಉಳಿದ 2,000 ಮುಂದಿನ ತಿಂಗಳು ನೋಡೋಣ, ಬಡ್ಡಿ ಅಂದರೆ ಎಷ್ಟು, 70 ರೂಪಾಯಿ ಬರುತ್ತೆ ಅಂದುಕೊಂಡೆ. ಆಗಸ್ಟ್ ಬಿಲ್‌ನಲ್ಲಿ ಬಡ್ಡಿ, ಜಿಎಸ್‌ಟಿ ಸೇರಿ 3,200 ರೂಪಾಯಿ ಬಂದಿತ್ತು. ಬ್ಯಾಂಕಿನ ತಪ್ಪು ಅಂತ ಜಗಳಕ್ಕೆ ಹೋದೆ. ಆಮೇಲೆ ಗೊತ್ತಾಯಿತು. ಬಿಲ್ ಪೂರ್ತಿ ಕಟ್ಟಿದರೆ ಮಾತ್ರ ಆ 45–50 ದಿನ ಬಡ್ಡಿ ಇಲ್ಲ. ಒಂದಿಷ್ಟು ಉಳಿಸಿದಿರೋ, ಆ ರಿಯಾಯಿತಿಯೇ ಹೋಯಿತು. ಅವರು ಪೂರ್ತಿ 50,000ಕ್ಕೆ ಜೂನ್ 8ರಿಂದ ನಾನು ಕಟ್ಟಿದ ದಿನದವರೆಗೆ 47 ದಿನದ ಬಡ್ಡಿ ಹಾಕಿದ್ದರು, ಅದಾದ ಮೇಲೆ ಉಳಿದ 2,000ಕ್ಕೆ. ಅಷ್ಟೇ ಅಲ್ಲ, ಆ ತಿಂಗಳು ತಗೊಂಡ ತರಕಾರಿಗೂ ಮೊದಲ ದಿನದಿಂದಲೇ ಬಡ್ಡಿ.

ಅವತ್ತಿಂದ ಆಟೋ ಪೇ, ಟೋಟಲ್ ಡ್ಯೂ. ಮಿನಿಮಮ್ ಅನ್ನುವ ಬಟನ್ ಕಡೆ ನೋಡೋದೇ ಇಲ್ಲ.

---

ಸ್ಮಾರ್ಟ್_ಸೀನ

ಅಣ್ಣ ಇಷ್ಟಕ್ಕೆಲ್ಲಾ ಯಾಕೆ ಟೆನ್ಷನ್. ಅಂಗಡಿಯಲ್ಲಿ ಸ್ವೈಪಿಂಗ್ ಮಷಿನ್ ಇದೆಯಲ್ವಾ? ಇನ್ನೊಂದು ಕಾರ್ಡ್ ಮಾಡಿಸಿಕೊಳ್ಳಿ, ನಿಮ್ಮ ಮಷಿನ್‌ನಲ್ಲೇ 84,000 ಉಜ್ಜಿ, ಶೇ 2 ಹೋಗುತ್ತೆ, ಎರಡು ದಿನದಲ್ಲಿ ದುಡ್ಡು ಅಕೌಂಟಿಗೆ. ಹಳೇ ಕಾರ್ಡ್ ಕ್ಲೋಸ್. ಮುಂದಿನ ತಿಂಗಳು ಹಳೇ ಕಾರ್ಡ್ ಉಜ್ಜಿ ಹೊಸದನ್ನು ತೀರಿಸಿ. ನಮ್ಮ ಏರಿಯಾದಲ್ಲಿ ಎಲ್ಲರೂ ಮಾಡೋದೇ.

---

ರಿಟೈರ್ಡ್_ಮ್ಯಾನೇಜರ್_ಹಾಸನ

ದಯವಿಟ್ಟು ಇದನ್ನು ಮಾಡಬೇಡಿ. ಸಾಮಾನು ಮಾರದೇ ಸ್ವಂತ ಮಷಿನ್‌ನಲ್ಲಿ ಸ್ವಂತ ಕಾರ್ಡ್ ಉಜ್ಜೋದು ಮಷಿನ್ ಕೊಡುವಾಗ ನೀವು ಸಹಿ ಹಾಕಿದ ಕರಾರಿಗೇ ವಿರುದ್ಧ. ಸಿಕ್ಕಿಬಿದ್ದರೆ ಮಷಿನ್ ವಾಪಸ್, ಕಾರ್ಡ್ ಬ್ಲಾಕ್. ಅದು ಬಿಡಿ, ಇಲ್ಲದ ಮಾರಾಟ ನಿಮ್ಮ ಲೆಕ್ಕಕ್ಕೆ ಬಂದು ಕೂರುತ್ತೆ, ಜಿಎಸ್‌ಟಿಯವರು ಕೇಳಿದರೆ ಬಿಲ್ ಎಲ್ಲಿಂದ ತರುತ್ತೀರಿ? ತಿಂಗಳಿಗೆ ಶೇ 2 ಅಂದರೆ ವರ್ಷಕ್ಕೆ ಶೇ 24 ಆಯಿತು. ಸೀನಪ್ಪ, ನಿಮ್ಮ ಏರಿಯಾದವರು ಎಷ್ಟು ತಿಂಗಳಿಂದ ಮಾಡುತ್ತಿದ್ದಾರೆ ಅಂತ ಒಂದು ಮಾತು ಕೇಳಿ ನೋಡಿ.

---

ಪಂಪ್‌ಸೆಟ್_ತಿಪಟೂರು

ಎಲ್ಲರಿಗೂ ಥ್ಯಾಂಕ್ಸ್. ಜಯನಗರ ಮೇಡಂ, 632 ರೂಪಾಯಿ ನೋಡಿ ರಾತ್ರಿ ನಿದ್ದೆ ಬರಲಿಲ್ಲ.

ಮ್ಯಾನೇಜರ್ ಸರ್, ಸ್ಟಾಕ್ ಸ್ಟೇಟ್‌ಮೆಂಟ್ ಇಲ್ಲಿದೆ. ಅಂಗಡಿ, ಗೋಡೌನ್ ಸೇರಿ ಮಾಲು 9.50 ಲಕ್ಷ. ಡೀಲರ್‌ಗಳಿಗೆ ನಾನು ಕೊಡಬೇಕಾದ್ದು 2.50 ಲಕ್ಷ. ರೈತರಿಂದ ನನಗೆ ಬರಬೇಕಾದ ಕಡ 6.40 ಲಕ್ಷ, ಅದರಲ್ಲಿ ಮೂರು ತಿಂಗಳ ಒಳಗಿನದು 3 ಲಕ್ಷ, ಉಳಿದ 3.40 ಅದಕ್ಕಿಂತ ಹಳೇದು. ಹಳೇದು ಅಂದರೆ ಮುಳುಗಿದ್ದಲ್ಲ ಸರ್. ನಮ್ಮ ಕಡೆ ಉಂಡೆ ಕೊಬ್ಬರಿ. ಕಾಯಿ ಅಟ್ಟಕ್ಕೆ ಹಾಕಿದ ಮೇಲೆ ಒಳಗಿನ ನೀರು ಆರಿ ಗಿಟುಕಾಗೋಕೆ ಹತ್ತಿರ ಹತ್ತಿರ ವರ್ಷ ಬೇಕು. ಬೋರ್‌ವೆಲ್ ಮೋಟಾರು ಸುಟ್ಟರೆ ಅವತ್ತೇ ಬರುತ್ತಾರೆ, ತೋಟ ಒಣಗುತ್ತೆ ಅಂತ. "ಕೊಬ್ಬರಿ ಬಿಟ್ಟಾಗ ಕೊಡ್ತೀನಿ" ಅನ್ನುತ್ತಾರೆ, ಬಿಟ್ಟಾಗ ಕೊಟ್ಟೇ ಕೊಡುತ್ತಾರೆ. ರೇಟು ಬಿದ್ದಿದ್ದರೆ ಮಾತ್ರ ಇನ್ನೆರಡು ತಿಂಗಳು ಅಟ್ಟದಲ್ಲೇ ಇಡುತ್ತಾರೆ.

ಕ್ಯೂಆರ್ ಕೋಡ್ ಬೇರೆ ಬ್ಯಾಂಕಿನ ನನ್ನ ಎಸ್‌ಬಿ (ಉಳಿತಾಯ) ಅಕೌಂಟಿಗೆ ಇದೆ. ಎರಡು ವರ್ಷದ ಹಿಂದೆ ಒಬ್ಬ ಹುಡುಗ ಬಂದು ಸ್ಟಿಕ್ಕರ್ ಅಂಟಿಸಿ, ಸೌಂಡ್ ಬಾಕ್ಸ್ ಕೊಟ್ಟು ಹೋದ. ದಿನಕ್ಕೆ 8–10 ಸಾವಿರ ಅದರಲ್ಲೇ ಬರುತ್ತೆ. ಅದಕ್ಕೂ ಇದಕ್ಕೂ ಏನು ಸಂಬಂಧ?

---

ರಿಟೈರ್ಡ್_ಮ್ಯಾನೇಜರ್_ಹಾಸನ

ಸಂಬಂಧ ಇದೆ, ಅದಕ್ಕೇ ಕೇಳಿದ್ದು. ಮೊದಲು 7.05.

ಮಾಲು 9.50. ಅದರಲ್ಲಿ 2.50 ಡೀಲರ್ ದುಡ್ಡು, ಇನ್ನೂ ನೀವು ಕೊಟ್ಟಿಲ್ಲ. ನಿಮ್ಮದು ಅನ್ನಬಹುದಾದ ಮಾಲು 7 ಲಕ್ಷ. ಅದರಲ್ಲಿ ಕಾಲು ಭಾಗ ನಿಮ್ಮ ಕೈಯಿಂದ ಇರಲಿ ಅಂತ ಶೇ 25 ಮಾರ್ಜಿನ್ ಕಳೆದರೆ 5.25. ಬರಬೇಕಾದ ಕಡದಲ್ಲಿ 90 ದಿನದೊಳಗಿನ 3 ಲಕ್ಷ ಮಾತ್ರ ಲೆಕ್ಕಕ್ಕೆ, ಅದಕ್ಕೆ ನಿಮ್ಮ ಬ್ಯಾಂಕ್ ಶೇ 40 ಮಾರ್ಜಿನ್ ಇಟ್ಟಿದೆ ಅಂತ ಕಾಣುತ್ತೆ, ಉಳಿದದ್ದು 1.80. ಕೂಡಿ. 7.05. ಮಾರ್ಜಿನ್ ಎಷ್ಟು, ಎಷ್ಟು ದಿನದ ಕಡ ಹಿಡಿಯುತ್ತಾರೆ ಅನ್ನೋದು ಬ್ಯಾಂಕಿಂದ ಬ್ಯಾಂಕಿಗೆ ಬೇರೆ, ನಿಮ್ಮ ಸ್ಯಾಂಕ್ಷನ್ ಲೆಟರ್‌ನಲ್ಲಿ ಬರೆದಿರುತ್ತೆ.

ಅಂದರೆ ಅಟ್ಟದ ಮೇಲಿನ ಕೊಬ್ಬರಿಗೆ ವರ್ಷ ಬೇಕು, ಬ್ಯಾಂಕಿನ ಕ್ಯಾಲೆಂಡರ್ 90 ದಿನಕ್ಕೆ ಮುಗಿಯುತ್ತೆ. ನಿಮ್ಮ ಸಮಸ್ಯೆಯ ಬೇರು ಅಲ್ಲಿದೆ. ನಿಮ್ಮ 3.40 ಲಕ್ಷ ತೋಟಗಳಲ್ಲಿ ಬಿದ್ದಿದೆ. ಬ್ಯಾಂಕಿಂದ ಶೇ 11ಕ್ಕೆ ತಂದು ರೈತರಿಗೆ ಸೊನ್ನೆ ಬಡ್ಡಿಗೆ ಕೊಡುತ್ತಿದ್ದೀರಿ. ವರ್ಷಕ್ಕೆ 37,400 ರೂಪಾಯಿ ನಿಮ್ಮ ಜೇಬಿಂದ. ಮೋಟಾರಿನ ಲಾಭದಲ್ಲಿ ಇದನ್ನು ಕಳೆದು ನೋಡಿದ್ದೀರಾ?

ಈಗ ಕ್ಯೂಆರ್. ನಿಮ್ಮಂಥ ಸಣ್ಣ ವ್ಯಾಪಾರಕ್ಕೆ ಲಿಮಿಟ್ ಕೊಡುವ ಲೆಕ್ಕ ಹಳೇದು, ರಿಸರ್ವ್ ಬ್ಯಾಂಕ್ 1991ರಲ್ಲಿ ನೇಮಿಸಿದ ನಾಯಕ್ ಸಮಿತಿ ಹೇಳಿದ್ದು. ವರ್ಷದ ವಹಿವಾಟಿನ ಶೇ 20 ಬ್ಯಾಂಕ್ ಕೊಡುತ್ತೆ, ಶೇ 5 ನೀವು ಹಾಕಬೇಕು. 10 ಲಕ್ಷ ಲಿಮಿಟ್ ಅಂದರೆ ನೀವು 50 ಲಕ್ಷ ವ್ಯಾಪಾರ ಮಾಡುತ್ತೇನೆ ಅಂತ ಹೇಳಿದ್ದೀರಿ. ಹಾಗಿದ್ದಾಗ ಸಿಸಿ ಅಕೌಂಟಿನಲ್ಲೂ ಹತ್ತಿರ ಹತ್ತಿರ ಅಷ್ಟು ಓಡಾಟ ಕಾಣಬೇಕು. ನಿಮ್ಮ ಯುಪಿಐ ಪೂರ್ತಿ ಬೇರೆ ಬ್ಯಾಂಕಿಗೆ ಹೋಗುತ್ತಿದೆ. ಮ್ಯಾನೇಜರ್ ಕಂಪ್ಯೂಟರಿನಲ್ಲಿ ನೋಡಿದರೆ ಇವನಿಗೆ ವ್ಯಾಪಾರವೇ ಇಲ್ಲ ಅಂತ ಕಾಣುತ್ತೆ. ಪಾಪ, ಅವರ ತಪ್ಪೇನಿಲ್ಲ.

ಬಡ್ಡಿ ಲೆಕ್ಕವೂ ನೋಡಿ. ಸಿಸಿಯಲ್ಲಿ ದಿನದ ಕೊನೆಗೆ ಎಷ್ಟು ಬಾಕಿ ಇರುತ್ತೋ ಅದರ ಮೇಲೆ ಬಡ್ಡಿ ಓಡುತ್ತೆ, ತಿಂಗಳ ಕೊನೆಗೆ ಖರ್ಚು ಬರೀತಾರೆ. 7 ಲಕ್ಷಕ್ಕೆ ದಿನಕ್ಕೆ 211 ರೂಪಾಯಿ. ಶುಕ್ರವಾರ ಸಂಜೆ ನಿಮ್ಮ ಕೈಗೆ 1.50 ಲಕ್ಷ ಬಂತು, ಸೋಮವಾರ ಕಟ್ಟೋಣ ಅಂದಿರಿ. 136 ರೂಪಾಯಿ ಹೋಯಿತು. ಎಸ್‌ಬಿಯಲ್ಲಿ ಸದಾ 60,000 ಬಿದ್ದಿರುತ್ತೆ ಅಂದುಕೊಂಡರೆ ಅಲ್ಲಿ ನಿಮಗೆ ಸಿಗೋದು ಶೇ 2.5 ಅಥವಾ 3, ಇಲ್ಲಿ ಕೊಡುತ್ತಿರೋದು 11. ವರ್ಷಕ್ಕೆ 5,000 ರೂಪಾಯಿ ಸುಮ್ನೆ ನಷ್ಟ. ಬೆಳಿಗ್ಗೆ ಬೇಕಾದರೆ ಮತ್ತೆ ತೆಗೀಬಹುದಲ್ವಾ, ತಿರುಗುವ ಸಾಲದ ಲಾಭವೇ ಅದು. ರಾತ್ರಿ ಹೊತ್ತು ದುಡ್ಡು ಬೇರೆ ಕಡೆ ಮಲಗಿದರೆ ನಿಮಗೆ ಖರ್ಚು.

ಒಂದು ಎಚ್ಚರಿಕೆ. ಡಿಪಿ ಮೀರಿದ್ದು 90 ದಿನ ಹಾಗೇ ಉಳಿದರೆ ಅಕೌಂಟ್ ಎನ್‌ಪಿಎ, ಅಂದರೆ ಕೆಟ್ಟ ಸಾಲ ಆಗುತ್ತೆ. 90 ದಿನದಲ್ಲಿ ಹಾಕಿದ ಬಡ್ಡಿಯಷ್ಟೂ ಜಮಾ ಬರದಿದ್ದರೂ ಅಷ್ಟೇ. ಮೂರು ತಿಂಗಳಿಗಿಂತ ಹಳೇ ಸ್ಟಾಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡು ನಡೆಸಿದರೂ ಅಕೌಂಟ್ ಸರಿಯಿಲ್ಲ ಅಂತಲೇ ಲೆಕ್ಕ. ಆ 55,000 ಮೊದಲು ತುಂಬಿ. ಡಿಪಿ ಮೀರಿ ನಿಂತಿರುವಾಗ ಕಾರ್ಡಿಗೆ 84,000 ಎತ್ತುವ ಮಾತೇ ಇಲ್ಲ, ಬಾಮೈದನಿಗೆ ಹೇಳಿ.

---

ಲೆಕ್ಕ_ಪತ್ರ_ದಾವಣಗೆರೆ

ಟ್ಯಾಕ್ಸ್ ಕೆಲಸ ಮಾಡುವವನು ನಾನು, ಮ್ಯಾನೇಜರ್ ಸರ್ ಹೇಳಿದ್ದಕ್ಕೆ ಒಂದೆರಡು ಸೇರಿಸುತ್ತೇನೆ.

ಸಿಸಿ ಬಡ್ಡಿಯನ್ನು ನೀವು ವ್ಯಾಪಾರದ ಖರ್ಚು ಅಂತ ತೋರಿಸಿ ತೆರಿಗೆ ಕಮ್ಮಿ ಮಾಡಿಕೊಳ್ಳುತ್ತೀರಿ. ಸಾಲ ವ್ಯಾಪಾರಕ್ಕೇ ಬಳಕೆಯಾಗಿದ್ದರೆ ಮಾತ್ರ ಅದು ನಡೆಯುತ್ತೆ. ಅದೇ ಅಕೌಂಟಿನಿಂದ ಮನೆ ಖರ್ಚಿಗೆ ಎತ್ತಿದ್ದರೆ ಅಷ್ಟರ ಬಡ್ಡಿಯನ್ನು ಬಿಟ್ಟು ಲೆಕ್ಕ ಮಾಡಬೇಕು. ನನ್ನ ಹತ್ತಿರ ಬರುವವರಲ್ಲಿ ಮುಕ್ಕಾಲು ಜನಕ್ಕೆ ಸಿಸಿ ಅಕೌಂಟೇ ಮನೆಯ ಪರ್ಸು. ಗ್ಯಾಸ್ ಬುಕಿಂಗಿಂದ ಹಿಡಿದು ಮೊಬೈಲ್ ರೀಚಾರ್ಜ್‌ವರೆಗೆ ಅದರಲ್ಲೇ. ಮಾರ್ಚ್‌ನಲ್ಲಿ ಅದನ್ನೆಲ್ಲಾ ಬೇರೆ ಮಾಡೋಕೆ ಕೂತಾಗ ತಲೆ ಚಚ್ಚಿಕೊಳ್ಳಬೇಕು.

ಕಾರ್ಡ್ ಬಡ್ಡಿ ಬಗ್ಗೆ ಇನ್ನೊಂದು ಮಾತು. ಶೇ 30ಕ್ಕಿಂತ ಜಾಸ್ತಿ ಹಾಕುವಂತಿಲ್ಲ, ಗ್ರಾಹಕ ಕೋರ್ಟಿಗೆ ಹೋಗಿ ಅಂತ ಕೆಲವರು ಇನ್ನೂ ಸಲಹೆ ಕೊಡುತ್ತಾರೆ. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹಾಗೆ ಹೇಳಿದ್ದು ನಿಜ. ಆದರೆ 2024ರ ಡಿಸೆಂಬರ್ 20ಕ್ಕೆ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದೆ. ಆ ದಾರಿ ಮುಚ್ಚಿದೆ. ಹೊಸ ಸಲಹೆ ಕೊಡುವವರು ಸ್ವಲ್ಪ ಪೇಪರ್ ಓದಿ.

ನನ್ನ ಪ್ರಶ್ನೆ: ನಿಮ್ಮ ಹೆಸರಿನಲ್ಲಿ ಎಲ್ಲಾದರೂ ಎಫ್‌ಡಿ ಇದೆಯಾ?

---

ಪಂಪ್‌ಸೆಟ್_ತಿಪಟೂರು

ಇದೆ ಸರ್. ಮಗಳಿಗೆ ಅಂತ ಇಟ್ಟ 1.50 ಲಕ್ಷ, ಶೇ 6.5 ಬಡ್ಡಿ. ಅದನ್ನು ಮುರಿಯೋಕೆ ಮನೆಯವಳು ಒಪ್ಪೋದಿಲ್ಲ, ನನಗೂ ಮನಸ್ಸಿಲ್ಲ.

---

ಲೆಕ್ಕ_ಪತ್ರ_ದಾವಣಗೆರೆ

ಮುರಿಯೋದು ಬೇಡ. ಅದರ ಮೇಲೆ ಓಡಿ ತಗೊಳ್ಳಿ. ಸಾಮಾನ್ಯವಾಗಿ ಎಫ್‌ಡಿ ಬಡ್ಡಿಗಿಂತ ಶೇ 1 ಜಾಸ್ತಿ ಹಾಕುತ್ತಾರೆ, ನಿಮಗೆ 7.5 ಆಗಬಹುದು. ಎಫ್‌ಡಿ ಅದರ ಪಾಡಿಗೆ ಬೆಳೀತಿರುತ್ತೆ. ಕಾರ್ಡ್ ಪೂರ್ತಿ ತೀರಿಸಿ, ಓಡಿಗೆ ತಿಂಗಳಿಗೆ 8,000 ತುಂಬುತ್ತಾ ಹೋದರೆ 11 ತಿಂಗಳಲ್ಲಿ ಮುಗಿಯುತ್ತೆ, ಬಡ್ಡಿ ಒಟ್ಟು 3,200ರ ಆಸುಪಾಸು. ಅದೇ 8,000ವನ್ನು ಕಾರ್ಡಿಗೇ ಕಟ್ಟಿದರೆ 15 ತಿಂಗಳು ಹಿಡಿಯುತ್ತೆ, ಬಡ್ಡಿ, ಜಿಎಸ್‌ಟಿ ಸೇರಿ 29,000 ಮೀರುತ್ತೆ.

ಆದರೆ ಕೇಳಿ, ಓಡಿಯೂ ತಿರುಗುವ ಸಾಲವೇ. ಮೂರು ತಿಂಗಳು ತುಂಬಿದ ಮೇಲೆ 24,000 ಮತ್ತೆ ತೆಗೀಬಹುದು ಅಂತ ಆ್ಯಪ್ ತೋರಿಸುತ್ತೆ. ಕೈ ಕಡಿಯುತ್ತೆ. ನೀವು ಅದನ್ನು ಕಂತಿನ ಸಾಲ ಅಂತಲೇ ತಿಳಿದುಕೊಳ್ಳಿ, ಆ ಅಕೌಂಟನ್ನು ಮೊಬೈಲ್‌ನಲ್ಲಿ ಇಟ್ಟುಕೊಳ್ಳಲೇಬೇಡಿ. ಇಂಥ ಮನೆ ಬಾಕಿಗಳಿಗೆ ಕಂತಿನ ಸಾಲವೇ ಮೇಲು, ನಿಮಗೆ ಎಫ್‌ಡಿ ಇರೋದರಿಂದ ಇದನ್ನು ಹೇಳಿದೆ.

---

ಸೊಸೈಟಿ_ಸೆಕ್ರೆಟರಿ

ರೈತರ ಕಡೆಯಿಂದ ಎರಡು ಮಾತು. ಕಿಸಾನ್ ಕ್ರೆಡಿಟ್ ಕಾರ್ಡ್ 1998ರಿಂದ ಇದೆ, ಅದೂ ಇದೇ ಜಾತಿ ಅಂತ ಮ್ಯಾನೇಜರ್ ಸರ್ ಆಗಲೇ ಹೇಳಿದ್ದಾರೆ. 3 ಲಕ್ಷದವರೆಗಿನ ಬೆಳೆ ಸಾಲಕ್ಕೆ ಶೇ 7, ಸಕಾಲಕ್ಕೆ ಕಟ್ಟಿದರೆ ಶೇ 3 ವಾಪಸ್, ಕೊನೆಗೆ ಬೀಳೋದು ಶೇ 4. ಬಹಳ ಜನಕ್ಕೆ ಗೊತ್ತಿಲ್ಲದ್ದು ಏನಂದರೆ ಅದರಲ್ಲಿ ಬೆಳೆ ಖರ್ಚಿನ ಜೊತೆಗೆ ಪಂಪ್‌ಸೆಟ್ಟು, ಸ್ಪ್ರೇಯರ್‌ನಂಥ ಸಾಮಾನಿಗೆ ಹೂಡಿಕೆ ಸಾಲದ ಭಾಗವೂ ಇದೆ (ಅದಕ್ಕೆ ಈ ಶೇ 4 ಅಂತ ತಿಳೀಬೇಡಿ, ಅದರ ಬಡ್ಡಿ ಬೇರೆ). ನಿಮ್ಮ ಗಿರಾಕಿಗಳಲ್ಲಿ ದೊಡ್ಡ ಮೊತ್ತ ಇಟ್ಟುಕೊಂಡವರಿಗೆ ಹೊಸ ಮೋಟಾರಿನ ಕೊಟೇಶನ್ ಬರೆದು ಬ್ಯಾಂಕಿಗೋ ಸೊಸೈಟಿಗೋ ಕಳಿಸಿ. ನಿಮಗೆ ದುಡ್ಡು ಕೈಗೆ ಬರುತ್ತೆ, ಅವರು ಕೊಬ್ಬರಿ ಬಿಟ್ಟಾಗ ಬ್ಯಾಂಕಿಗೆ ಕಟ್ಟಿಕೊಳ್ಳಲಿ. ಮೋಟಾರು ಸುಟ್ಟ ದಿನ ಇದು ಆಗೋದಿಲ್ಲ ಒಪ್ಪುತ್ತೇನೆ, ಕಾಗದಕ್ಕೆ ಟೈಮ್ ಹಿಡಿಯುತ್ತೆ. ಡ್ರಿಪ್ಪು, ಹೊಸ ಪೈಪ್‌ಲೈನು ಇಂಥ ಮುಂಚೆಯೇ ಗೊತ್ತಿರುವ ಕೆಲಸಕ್ಕಾದರೂ ಮಾಡಿ.

ಇನ್ನು ಕಿಸಾನ್ ಕಾರ್ಡ್ ನಿಜವಾಗಿ ತಿರುಗಿಸುವವರು ಕಮ್ಮಿ. ವರ್ಷಕ್ಕೊಂದು ಸಲ ರಿನ್ಯೂವಲ್ ದಿನ ಕೈಗಡ ತಂದು ಕಟ್ಟಿ, ಒಂದೆರಡು ದಿನದಲ್ಲಿ ಎತ್ತಿ ಕೈಗಡದವನಿಗೆ ವಾಪಸ್ ಕೊಡುತ್ತಾರೆ. ಲಕ್ಷಕ್ಕೆ ಇಷ್ಟು ಅಂತ ಅವನಿಗೂ ಒಂದು ಕಮಿಷನ್. ಕಾಗದದ ಮೇಲೆ ಸಾಲ ತಿರುಗಿತು, ತೋಟದಲ್ಲಿ ಏನೂ ತಿರುಗಲಿಲ್ಲ.

---

ಹುಬ್ಬಳ್ಳಿ_ಸೀರೆ_ಅಂಗಡಿ

ಉದ್ರಿ ವಿಷಯ ಬಂತಲ್ಲ, ಅದಕ್ಕೆ ಬರೀತೀನ್ರೀ. ನಮ್ಮದು ಬಟ್ಟೆ ಅಂಗಡಿ. ನಾವೂ ಮೊದಲು ಎಲ್ಲರಿಗೂ ಒಂದೇ ರೇಟು ಹೇಳುತ್ತಿದ್ದೆವು, ನಗದಿಗೂ ಅದೇ, ಉದ್ರಿಗೂ ಅದೇ. ಸಿಸಿ ತಗೊಂಡ ಮೇಲೆ ನಮ್ಮ ಮಾವನವರು ಒಂದು ಕೆಲಸ ಮಾಡಿದರು. ನಗದಿಗೆ ಶೇ 3 ಕಡಿಮೆ ಅಂತ ಬೋರ್ಡ್ ಹಾಕಿದರು. ರೇಟ್ ಏರಿಸಲಿಲ್ಲ, ಬಡ್ಡಿ ಅನ್ನುವ ಮಾತೂ ಆಡಲಿಲ್ಲ. ದುಡ್ಡು ಇದ್ದೂ ಉದ್ರಿ ಬರೆಸುತ್ತಿದ್ದ ಅರ್ಧ ಮಂದಿ ಫೋನ್ ತೆಗೆದು ಸ್ಕ್ಯಾನ್ ಮಾಡೋಕೆ ಶುರು ಮಾಡಿದರು. ಉಳಿದವರದ್ದು ನಿಜವಾದ ಕಷ್ಟ, ಅವರಿಗೆ ಕೊಡೋಣ. ಶೇ 3 ಹೋದರೂ ಮೂರು ತಿಂಗಳ ಬಡ್ಡಿ ಉಳೀತು, ವಸೂಲಿಗೆ ಅಲೆಯೋದು ಉಳೀತು.

---

ಪಂಪ್‌ಸೆಟ್_ತಿಪಟೂರು

ಎರಡು ವಾರ ಆಯಿತು, ಏನಾಯಿತು ಅಂತ ಹೇಳೋಕೆ ಬಂದೆ.

ಎಫ್‌ಡಿ ಮೇಲೆ ಓಡಿ ಆಯಿತು, ಅರ್ಧ ಗಂಟೆಯ ಕೆಲಸ. ಕಾರ್ಡ್ ಪೂರ್ತಿ ಕಟ್ಟಿ ಮುಚ್ಚೋಕೆ ಬರೆದು ಕೊಟ್ಟೆ. ಫೋನ್ ಮಾಡಿ "ಲೈಫ್‌ಟೈಮ್ ಫ್ರೀ ಮಾಡಿಕೊಡುತ್ತೇವೆ, ಲಿಮಿಟ್ ಜಾಸ್ತಿ ಮಾಡುತ್ತೇವೆ" ಅಂತ ಮೂರು ಸಲ ಹಿಡಿದರು. ನಾನೂ ಬಿಡಲಿಲ್ಲ.

ಸಿಸಿಗೆ 55,000 ತುಂಬಿದೆ. ಎಸ್‌ಬಿಯಲ್ಲೇ 38,000 ಇತ್ತು, ನೋಡಿಯೇ ಇರಲಿಲ್ಲ! ಉಳಿದದ್ದಕ್ಕೆ ಹಳೇ ಕಡದ ಪುಸ್ತಕ ಹಿಡಿದು ಬೈಕ್‌ನಲ್ಲಿ ಹೊರಟೆ. 14 ಮನೆಗೆ ಹೋದೆ. ನಾಲ್ಕು ಮನೆಯಲ್ಲಿ ಕೊಬ್ಬರಿ ಬಿಟ್ಟು ಎರಡು ತಿಂಗಳಾಗಿತ್ತು, ನಾನು ಕೇಳಿಲ್ಲ, ಅವರು ಕೊಟ್ಟಿಲ್ಲ. ಒಬ್ಬ ಯಜಮಾನರು "ನೀನು ಬರಲಿಲ್ಲವಲ್ಲ ಮಾರಾಯ, ಬೇಡವೇನೋ ಅಂದುಕೊಂಡೆ" ಎಂದು ನಕ್ಕು ಅಲ್ಲೇ ಎಣಿಸಿದರು. ಬಾಮೈದನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದೆ, ಬೈಕ್ ಅವನದೇ.

ಸಿಸಿ ಅಕೌಂಟಿನ ಕ್ಯೂಆರ್ ಬ್ಯಾಂಕಿನವರು ಕೊಟ್ಟಿದ್ದಾರೆ, ಹಳೇದರ ಪಕ್ಕದಲ್ಲೇ ಅಂಟಿಸಿದ್ದೇನೆ.

---

ಜಯನಗರ_ಬಸ್‌ಸ್ಟಾಪ್

ಸೂಪರ್. ಕಾರ್ಡ್ ಮುಚ್ಚೋಕೆ ಎಳೆದಾಡಿದರೆ ಬಿಡಬೇಡಿ. ಬಾಕಿ ಏನೂ ಇಲ್ಲದಿದ್ದರೆ ನೀವು ಕೇಳಿದ 7 ಕೆಲಸದ ದಿನದೊಳಗೆ ಮುಚ್ಚಬೇಕು, ತಡ ಆದರೆ ದಿನಕ್ಕೆ 500 ರೂಪಾಯಿ ನಿಮಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಕೇಳಿದ್ದಕ್ಕೆ ಮೇಲ್ ಇಟ್ಟುಕೊಳ್ಳಿ.

---

ರಿಟೈರ್ಡ್_ಮ್ಯಾನೇಜರ್_ಹಾಸನ

ಪಕ್ಕದಲ್ಲಿ ಅಂಟಿಸಬೇಡಿ. ಗಿರಾಕಿ ಯಾವುದು ಮೊದಲು ಕಾಣುತ್ತೋ ಅದಕ್ಕೇ ಸ್ಕ್ಯಾನ್ ಮಾಡುತ್ತಾನೆ. ಹಳೇದನ್ನು ಇವತ್ತೇ ಕಿತ್ತು ಹಾಕಿ, ಸೌಂಡ್ ಬಾಕ್ಸೂ ವಾಪಸ್ ಕೊಡಿ. ಮತ್ತೆ ಮುಂದಿನ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಯಾವಾಗ ಕೊಡುತ್ತೀರಿ?

---

ಪಂಪ್‌ಸೆಟ್_ತಿಪಟೂರು

ಕಿತ್ತೆ ಸರ್. ಗಾಜಿನ ಮೇಲೆ ಅಂಟು ಉಳಿದಿದೆ, ಹುಡುಗ ಸೀಮೆಎಣ್ಣೆ ಹಾಕಿ ಉಜ್ಜುತ್ತಿದ್ದಾನೆ. ಸ್ಟೇಟ್‌ಮೆಂಟ್ 5ನೇ ತಾರೀಕಿಗೆ ಕೊಡುತ್ತೇನೆ.